ಕೋಳಿ ಪುಸ್ತಕದ ನಂಬರು

ಕಾರು ಕಲಿಸುವ ಅವಳಿಗೆ ಊರು ಇಟ್ಟ ಹೆಸರು ಬ್ರೇಕಕ್ಕ. ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟು ಕೂತೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಹೆಸರಿಟ್ಟವರಲ್ಲಿ ಬಹಳ ಜನ ಅವಳ ಹತ್ತಿರವೇ ಕಲಿತವರು, ಹಾಗಾಗಿ ಮುನಿಸಿಕೊಳ್ಳುವ ಹಾಗೂ ಇರಲಿಲ್ಲ. ಅವಳ ಡ್ರೈವಿಂಗ್ ಸ್ಕೂಲು ಎಂದರೆ ಟೈರು ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಗೋಡೆಗೆ ರಸ್ತೆ ಚಿಹ್ನೆಗಳ ಚಾರ್ಟು, ಕೆಳಗೆ ಬಂಪರು ನೆಗ್ಗಿದ ಎರಡು ಸಣ್ಣ ಕಾರು. ಅಷ್ಟೇ ಆಸ್ತಿ.

ಆ ಕೋಣೆಯ ಕಿಟಕಿಯಿಂದ ಮೆಟ್ಟಿಲು ಕಾಣುತ್ತಿತ್ತು. ಕೆಲವರು ಅರ್ಧ ಮೆಟ್ಟಿಲು ಹತ್ತಿ, ಮೊಬೈಲು ನೋಡಿಕೊಂಡಂತೆ ಮಾಡಿ, ಇಳಿದು ಹೋಗುತ್ತಿದ್ದರು. ಬ್ರೇಕಕ್ಕನ ಮನಸ್ಸೆಲ್ಲ ಅವರ ಹಿಂದೆ. ಪೂರ್ತಿ ಹತ್ತಿ ಬಂದವರಿಗೆ ಯಾರು ಬೇಕಾದರೂ ಕಲಿಸಬಹುದು, ಅರ್ಧಕ್ಕೆ ಇಳಿದವರಿಗೆ ಕಲಿಸುವುದು ಹೇಗೆ? ಹೆದರುವವರಿಗೆ ತಾವು ಹೆದರುತ್ತೇವೆ ಎಂದು ಹೇಳಿಕೊಳ್ಳುವುದೇ ದೊಡ್ಡ ಹೆದರಿಕೆ. ಅಂಥವರು ಸ್ಕೂಲಿಗೆ ಬರುವುದಿಲ್ಲ, ಅಂಗಡಿಯಲ್ಲಿ ಪುಸ್ತಕ ಕೊಳ್ಳುವುದೂ ಇಲ್ಲ. ಗ್ರಂಥಾಲಯಕ್ಕೆ ಹೋದರೆ ಮಾತ್ರ ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಕೂತು ಓದಬಹುದು. ಹೀಗೆ ಲೆಕ್ಕ ಹಾಕಿ ಅವಳು ‘ಹೆದರುವವರಿಗೆ ಕಾರು’ ಎಂಬ ಪುಸ್ತಕ ಬರೆದಳು.

ಅಚ್ಚು ಹಾಕಿದವನು ಅವಳ ಸೋದರಮಾವ. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗದ ಕಾರಣ ಬಳಗಕ್ಕೆಲ್ಲ ಅವನು ಮಸಿಮಾವ. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಅಚ್ಚುಕಟ್ಟು, ಆದರೆ ಏನನ್ನೂ ಬಿಸಾಡುವ ಜಾತಿಯಲ್ಲ. ಕತ್ತರಿಸಿ ಉಳಿದ ಕಾಗದದ ಅಂಚು ಅವನ ಪ್ರೆಸ್ಸಿನಲ್ಲಿ ವಿಸಿಟಿಂಗ್ ಕಾರ್ಡಾಗುತ್ತಿತ್ತು, ವಿಸಿಟಿಂಗ್ ಕಾರ್ಡಿನ ಅಂಚು ಬೆಲೆಚೀಟಿಯಾಗುತ್ತಿತ್ತು. ಬೆಲೆಚೀಟಿಯಿಂದ ಉಳಿದದ್ದನ್ನೂ ಅವನು ಒಂದು ಡಬ್ಬದಲ್ಲಿ ಇಟ್ಟುಕೊಂಡಿದ್ದ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪುಸ್ತಕದ ಪ್ರೂಫು ಓದುವಾಗ ಮಾವ ತಕರಾರು ತೆಗೆದದ್ದು ಒಂದೇ ಕಡೆ. ‘ಅಳು ಬಂದರೆ’ ಎಂದು ಒಂದು ಅಧ್ಯಾಯವಿತ್ತು. ವಯಸ್ಸಾದ ಮೇಲೆ ಕಾರು ಕಲಿಯುವವರಲ್ಲಿ ಬಹಳ ಮಂದಿ ನಡುರಸ್ತೆಯಲ್ಲಿ ಅತ್ತುಬಿಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ, ಗಾಡಿ ಬದಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಚೆನ್ನಾಗಿ ಅಳಿ, ಮುಖ ಒರೆಸಿಕೊಂಡು ಮತ್ತೆ ಮೊದಲನೇ ಗೇರು ಹಾಕಿ ಎಂದು ಅದರಲ್ಲಿ ಬರೆದಿತ್ತು. ಪಾಠ ಹೇಳುವ ಪುಸ್ತಕದಲ್ಲಿ ಗೋಳಾಟ ಯಾಕೆ, ಓದಿದವರು ನಕ್ಕಾರು ಎಂದು ಮಾವ ಗೊಣಗಿದ. ಪುಸ್ತಕ ಅವಳದು, ಪ್ರೆಸ್ಸು ಮಾತ್ರ ತನ್ನದು ಎಂದುಕೊಂಡು ಆಗ ಸುಮ್ಮನಾದ.

ಕೊನೆಗೆ ಬೆನ್ನುಪುಟಕ್ಕೆ ಐಎಸ್‌ಬಿಎನ್ ಬೇಕಾಯಿತು. ಗ್ರಂಥಾಲಯವೂ ಅಂಗಡಿಯೂ ಪುಸ್ತಕವನ್ನು ಗುರುತಿಸುವುದು ಆ ಉದ್ದನೆಯ ನಂಬರಿನಿಂದಲೇ. ಅದು ಎಲ್ಲಿಂದ ಬರುತ್ತದೆಂದು ಬ್ರೇಕಕ್ಕನಿಗೆ ಗೊತ್ತಿರಲಿಲ್ಲ. ಮಾವ ತನ್ನ ಹತ್ತಿರ ಇದೆ ಎಂದ, ಅವಳು ಸರಿ ಎಂದಳು. ಕಂತೆ ಕಟ್ಟಿ ಪುಸ್ತಕ ಕೈಗೆ ಬಂದ ದಿನ ಅವಳು ಅದನ್ನು ಮೂಸಿ ನೋಡಿದಳು, ಎದೆಗೆ ಒತ್ತಿಕೊಂಡಳು, ಅವ್ವನ ಮುಂದೆ ಹಿಡಿದಳು. ಆಮೇಲೆ ಗ್ರಂಥಾಲಯದ ಆಯ್ಕೆಗೆಂದು ಕೆಲವು ಮಾದರಿ ಪ್ರತಿ ಕೊಟ್ಟು ಬಂದಳು. ಪುಸ್ತಕ ಆಯ್ಕೆ ಸಮಿತಿ ವರ್ಷಕ್ಕೆ ಒಂದೇ ಸಲ ಸೇರುತ್ತಿತ್ತು. ಅಲ್ಲಿ ಒಪ್ಪಿಗೆಯಾದರೆ ಊರಿನ ಎಲ್ಲ ಶಾಖೆಗೂ ಪುಸ್ತಕ ಹೋಗುತ್ತಿತ್ತು. ಇಲ್ಲವಾದರೆ ಮಂಚದ ಕೆಳಗೆ.

ಸಮಿತಿ ಸೇರುವುದಕ್ಕೆ ಒಂದು ತಿಂಗಳಿರುವಾಗ ಗ್ರಂಥಾಲಯದಿಂದ ಕರೆ ಬಂತು. ಕರೆದವರು ಬಂದ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕ್ಯಾಟಲಾಗ್ ಮೇಡಂ. ಅವರು ಕನ್ನಡಕ ಮೇಲಕ್ಕೆ ತಳ್ಳಿ, ಬ್ರೇಕಕ್ಕನ ಪುಸ್ತಕವನ್ನು ಯಂತ್ರದ ಕೆಂಪು ಬೆಳಕಿಗೆ ಹಿಡಿದು, ಪರದೆಯನ್ನು ಇವಳ ಕಡೆ ತಿರುಗಿಸಿದರು. ಪರದೆಯ ಮೇಲೆ ‘ಕೋಳಿಗಳ ಕಾಯಿಲೆ ಮತ್ತು ಆರೈಕೆ’ ಎಂದು ಬಂತು. ಇನ್ನೊಂದು ಪ್ರತಿ ಹಿಡಿದರು. ಅದೂ ಕೋಳಿಯೇ.

ಆದದ್ದು ಇಷ್ಟು. ಆ ಕೋಳಿ ಪುಸ್ತಕವನ್ನು ಬಹಳ ವರ್ಷದ ಹಿಂದೆ ಬರೆದು, ಮಾವನ ಪ್ರೆಸ್ಸಿನಲ್ಲೇ ಹಾಕಿಸಿದ್ದವರು ಒಬ್ಬ ಪಶುವೈದ್ಯರು. ಅವರ ಹತ್ತಿರ ಉಳಿದಿದ್ದ ಒಂದೇ ಪ್ರತಿಗೆ ಗೆದ್ದಲು ಹಿಡಿದಿತ್ತು. ಅದಕ್ಕೆ ಅವರು ಗ್ರಂಥಾಲಯದಲ್ಲಿ ತಮ್ಮ ಪುಸ್ತಕವನ್ನು ತಾವೇ ಕಾದಿರಿಸಿದ್ದರು. ಯಂತ್ರ ಇವಳ ಮಾದರಿ ಪ್ರತಿಯನ್ನು ಕೋಳಿ ಪುಸ್ತಕವೆಂದೇ ತಿಳಿಯಿತು, ಕೌಂಟರಿನವರು ಅದನ್ನೇ ಕಾಗದದಲ್ಲಿ ಸುತ್ತಿ ಡಾಕ್ಟರಿಗೆ ಕೊಟ್ಟರು. ಕೋಳಿ ಕೇಳಿದರೆ ಕಾರು ಬಂತು. ಮಾರನೆಯ ದಿನವೇ ಡಾಕ್ಟರು ತಮ್ಮ ನಂಬರು ಯಾರದೋ ಪಾಲಾಗಿದೆ ಎಂದು ಆಕ್ಷೇಪಣೆ ಬರೆದುಕೊಟ್ಟಿದ್ದರು.

“ನಂಬರು ಒಂದು ಪುಸ್ತಕಕ್ಕೆ ಕೊಟ್ರೆ ಮುಗೀತಮ್ಮ, ಪುಸ್ತಕ ಸತ್ರೂ ಅದು ಇನ್ನೊಂದಕ್ಕೆ ಹೋಗಲ್ಲ,” ಎಂದರು ಮೇಡಂ. ಸಮಿತಿ ಸೇರುವುದರೊಳಗೆ ಸ್ವಂತ ನಂಬರು ತಂದರೆ ಮುಂದೆ ಇಡುತ್ತೇನೆ, ಇಲ್ಲದಿದ್ದರೆ ಬರುವ ವರ್ಷ ಎಂದೂ ಹೇಳಿದರು. ಬ್ರೇಕಕ್ಕನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬರುವ ವರ್ಷದೊಳಗೆ ಇನ್ನೆಷ್ಟು ಜನ ಅರ್ಧ ಮೆಟ್ಟಿಲಿಂದ ಇಳಿದು ಹೋಗುತ್ತಾರೋ ಎಂದುಕೊಂಡಳು.

ಅಲ್ಲಿಂದ ನೇರ ಪ್ರೆಸ್ಸಿಗೆ ಹೋದಳು. ಮಾವ ಕಟಿಂಗ್ ಮಷೀನಿನ ಮುಂದೆ ನಿಂತಿದ್ದ. ವಿಷಯ ಕೇಳಿ ಅವನಿಗೆ ನಾಚಿಕೆಗಿಂತ ಆಶ್ಚರ್ಯವೇ ಹೆಚ್ಚಾಯಿತು. ಡಾಕ್ಟರು ಬದುಕಿದ್ದಾರಾ ಎಂದು ಎರಡು ಸಲ ಕೇಳಿದ. ಮರುಮುದ್ರಣ ಕೇಳಿಕೊಂಡು ಇಷ್ಟು ವರ್ಷ ಬಾರದ ಲೇಖಕ ಸತ್ತಿರಲೇಬೇಕು ಎಂಬುದು ಅವನ ತರ್ಕ. ಪುಸ್ತಕ ಮುಗಿದಿದೆ, ಬರೆದವರು ಹೋಗಿದ್ದಾರೆ, ನಂಬರು ಮಾತ್ರ ಖಾಲಿ ಮನೆಯ ಹಾಗೆ ಬಿದ್ದಿದೆ, ಯಾರಾದರೂ ವಾಸ ಮಾಡಲಿ ಎಂದು ಸೊಸೆಗೆ ಕೊಟ್ಟಿದ್ದ. ಅವನ ಮಟ್ಟಿಗೆ ಅದು ಪ್ರೀತಿ. ಸೊಸೆಗೆ ಬಯ್ಯಲೂ ಆಗಲಿಲ್ಲ, ನಗಲೂ ಆಗಲಿಲ್ಲ.

ಮಾವನ ಹತ್ತಿರ ಹೊಸ ನಂಬರು ಇರಲಿಲ್ಲವೆಂದಲ್ಲ. ಒಂದೇ ಒಂದನ್ನು ಅವನು ಯಾರಾದರೂ ಮಹಾಗ್ರಂಥ ಬರೆದು ತಂದಾರು ಎಂದು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದ. ಈಗ ಅದನ್ನೇ ಕೊಡುತ್ತೇನೆ ಎಂದ. ಬ್ರೇಕಕ್ಕನ ಕಣ್ಣು ತುಂಬಿತು. ಆದರೆ ಮಾವನ ಮಾತು ಇನ್ನೂ ಮುಗಿದಿರಲಿಲ್ಲ.

“ನಂಬರು ನಂದು ಅಂದ್ಮೇಲೆ ಪ್ರಕಾಶಕ ನಾನು. ನನ್ನ ಹೆಸರಲ್ಲಿ ಹೋಗೋ ಪುಸ್ತಕದಲ್ಲಿ ಆ ಅಳೋ ಅಧ್ಯಾಯ ಬೇಡ ಕಣಮ್ಮ. ಆ ಹದಿನಾರು ಪುಟದ ಕಂತೆ ಬಿಚ್ಚಿ, ಬೇರೆ ಹಾಕಿ, ನಾನೇ ಹೊಲಿದು ಕೊಡ್ತೀನಿ.”

ಮನೆಗೆ ಬಂದರೆ ಅವ್ವ ತಮ್ಮನ ಪರ. ಅಷ್ಟು ದಿನದಿಂದ ಕಾಪಾಡಿದ್ದನ್ನು ಕೊಡುತ್ತಿದ್ದಾನೆ, ಒಂದು ಅಧ್ಯಾಯ ಹೋದರೆ ಮೂಗೇನೂ ಹೋಗುವುದಿಲ್ಲ, ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತಗೋ ಎಂದಳು. ಅವ್ವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಮಾವನ ನಂಬರು ಇವತ್ತೇ ಕೈಗೆ ಬರುತ್ತದೆ, ಸ್ವಂತದ್ದಕ್ಕೆ ಅರ್ಜಿ ಹಾಕಿದರೆ ಯಾವಾಗಲೋ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವಂತೆ, ಬರೆಯುವುದಕ್ಕೆ ಹಿಡಿದ ಕಾಲವೆಷ್ಟು, ಕಿತ್ತು ಹಾಕುವುದಕ್ಕೆ ಬೇಕಾದ ಕಾಲವೆಷ್ಟು ಎಂದು ಅವಳಿಗೆ ಸಂಕಟವಾಯಿತು. ಒಂದು ದಿನ ಕೊಡಿ ಎಂದು ಮಾವನಿಗೆ ಹೇಳಿ ಕಳಿಸಿದಳು.

ಮಾರನೆಯ ದಿನ ಅವಳು ಡಾಕ್ಟರ ಮನೆ ಹುಡುಕಿಕೊಂಡು ಹೋದಳು. ತಪ್ಪು ಯಾರದೇ ಇರಲಿ, ಅವರ ನಂಬರು ತನ್ನ ಪುಸ್ತಕದ ಬೆನ್ನ ಮೇಲಿತ್ತು, ಕ್ಷಮೆ ಕೇಳದೆ ಇರುವುದು ಸರಿಯಲ್ಲ ಅನ್ನಿಸಿತ್ತು. ಬಯ್ಗುಳಕ್ಕೆ ತಯಾರಾಗಿಯೇ ಹೋಗಿದ್ದಳು. ಬಾಗಿಲು ತೆರೆದವರು ಬನಿಯನ್ನಿನ ಮೇಲೆ ಸ್ವೆಟರು ಹಾಕಿಕೊಂಡ ಎತ್ತರದ ಮುದುಕರು. ಅಂಗಳದಲ್ಲಿ ಹೊದಿಕೆ ಹೊದ್ದ ಕಾರೊಂದು ನಿಂತಿತ್ತು, ಹೊದಿಕೆಯ ಮೇಲೆ ಒಣಗಿದ ಎಲೆ ರಾಶಿ ಬಿದ್ದಿತ್ತು. ಇವಳು ಯಾರೆಂದು, ನಡೆದದ್ದೇನೆಂದು ಗೊತ್ತಾದ ಕೂಡಲೇ ಡಾಕ್ಟರು ಮೊದಲು ಗದರಿದರು, ಮನುಷ್ಯ ಬದುಕಿರುವಾಗಲೇ ತಿಥಿ ಮಾಡಿಬಿಟ್ಟಿರಲ್ಲ ಎಂದು ಮಾವನನ್ನೂ ಸೇರಿಸಿ ಬೈದರು, ಆಮೇಲೆ ಕುರ್ಚಿ ಎಳೆದು ಕೂರಿಸಿದರು.

ಅವರು ಅವಳ ಪುಸ್ತಕವನ್ನು ಓದಿದ್ದರು. ಬಸ್ಸಿನಲ್ಲಿ ಬೇರೇನೂ ಓದಲು ಇರಲಿಲ್ಲವಂತೆ.

“ಕೆಲಸದಲ್ಲಿದ್ದಷ್ಟು ದಿನ ಡ್ರೈವರ್ ಪಕ್ಕ ಕೂತು ತಿರುಗಿದೆ. ಕೈಗೆ ಸ್ಟೇರಿಂಗ್ ಬಂದ್ರೆ ಕೈ ನಡುಗುತ್ತೆ ಅಂತ ಹೆಂಡ್ತಿಗೂ ಹೇಳಿಲ್ಲ. ನಿಮ್ಮ ಅಳೋ ಅಧ್ಯಾಯ ಓದ್ತಾ ನಾನು ಇಳಿಯೋ ಸ್ಟಾಪೇ ದಾಟಿಹೋಯ್ತು,” ಎಂದರು ಡಾಕ್ಟರು. ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿ, ನಂಬರು ಮಾತ್ರ ನನ್ನದು ನನಗೆ ವಾಪಸ್ ಬೇಕು, ಪುಸ್ತಕ ನಿಮ್ಮದು ನಿಮಗಿರಲಿ, ಅದರಲ್ಲಿ ಒಂದಕ್ಷರ ಮುಟ್ಟಬೇಡಿ ಎಂದರು. ಸ್ವಂತ ನಂಬರು ತಂದ ದಿನ ಆಕ್ಷೇಪಣೆ ಹಿಂದಕ್ಕೆ ತಗೊಳ್ಳುತ್ತೇನೆ ಎಂದು ಅಲ್ಲೇ ಬರೆದು ಸಹಿ ಹಾಕಿ ಕೊಟ್ಟರು.

ಬ್ರೇಕಕ್ಕ ವಾಪಸು ಬರುವಾಗ ಅವಳ ಮನಸ್ಸು ಗಟ್ಟಿಯಾಗಿತ್ತು. ಯಾರಿಗಾಗಿ ಬರೆದಳೋ ಅಂಥವರೊಬ್ಬರು ಸಿಕ್ಕಿದ್ದರು, ಅವರನ್ನು ಮುಟ್ಟಿದ್ದು ಆ ಅಧ್ಯಾಯವೇ. ಇನ್ನು ಅದನ್ನು ಕೀಳಿಸುವುದೆಂದರೆ ಅವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಸಂಜೆ ಪ್ರೆಸ್ಸಿಗೆ ಹೋಗಿ ಮಾವನ ಮುಂದೆ ನಿಂತಳು. ಚಿಕ್ಕಂದಿನಿಂದ ಅವನ ಮಾತಿಗೆ ಎದುರಾಡಿದವಳಲ್ಲ.

“ಮಾವ, ನಿಮ್ಮ ನಂಬರು ದೊಡ್ಡ ಪುಸ್ತಕಕ್ಕೇ ಇರ್ಲಿ. ನಂದಕ್ಕೆ ನಾನೇ ಪ್ರಕಾಶಕಿ ಆಗ್ತೀನಿ.”

ಮಾವ ಮಷೀನು ನಿಲ್ಲಿಸಿ, ಕೈ ಒರೆಸಿಕೊಂಡು, ಒಳಗೆ ಹೋದ. ಅವತ್ತಿನಿಂದ ಅವ್ವನ ಫೋನಿಗೂ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಅವ್ವ ಮಗಳ ಮೇಲೆ ಹರಿಹಾಯ್ದಳು. ಇದ್ದ ಒಬ್ಬ ತಮ್ಮನನ್ನು ದೂರ ಮಾಡಿದೆ ಎಂದು ಕಣ್ಣೀರೂ ಹಾಕಿದಳು. ಅಳುವ ಅಧ್ಯಾಯಕ್ಕಾಗಿ ಮನೆಯಲ್ಲೂ ಅಳು ಶುರುವಾಯಿತು.

ನಂಬರು ಕೊಡುವ ಕಚೇರಿಗೆ ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕಿತ್ತು. ಸ್ವಂತ ಪುಸ್ತಕ ಸ್ವಂತವಾಗಿ ಪ್ರಕಟಿಸುವ ಯಾರು ಬೇಕಾದರೂ ಕೇಳಬಹುದು ಎಂದು ಅಲ್ಲಿ ಮೊದಲ ಸಾಲಿನಲ್ಲೇ ಬರೆದಿತ್ತು. ಇಷ್ಟು ಸುಲಭದ ವಿಷಯ ತನಗೆ ಗೊತ್ತಿರಲಿಲ್ಲವಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು. ಪ್ರಕಾಶನದ ಹೆಸರು ಎಂಬ ಜಾಗಕ್ಕೆ ಬಂದಾಗ ಕೈ ನಿಂತಿತು. ಅವಳ ತಲೆಗೆ ಬಂದ ಘನವಾದ ಹೆಸರುಗಳೆಲ್ಲ ಬೇರೆಯವರ ಅಂಗಿ ಹಾಕಿಕೊಂಡ ಹಾಗೆ ಕಂಡವು. ಕೊನೆಗೆ ‘ಬ್ರೇಕಕ್ಕ ಪ್ರಕಾಶನ’ ಎಂದು ಒತ್ತಿದಳು. ಊರು ತಮಾಷೆಗೆ ಇಟ್ಟ ಹೆಸರನ್ನು ತಾನೇ ಕೈ ಹಿಡಿದು ಕಚೇರಿಯ ದಾಖಲೆಗೆ ಹತ್ತಿಸಿದಳು, ಹತ್ತಿಸಿ ಒಬ್ಬಳೇ ನಕ್ಕಳು.

ಅರ್ಜಿ ಹಿಂದಕ್ಕೆ ಬಂತು. ಜೊತೆಗೆ ಕಳಿಸಿದ ಶೀರ್ಷಿಕೆ ಪುಟದ ಹಿಂದೆ ಪ್ರಕಾಶಕರು ಎಂದು ಮಸಿಮಾವನ ಪ್ರೆಸ್ಸಿನ ಹೆಸರೇ ಇತ್ತು. ಹಳೆಯ ಅಭ್ಯಾಸದಂತೆ ಅವನು ಎಲ್ಲ ಪುಸ್ತಕಕ್ಕೂ ಹಾಕುವ ಸಾಲು ಅದು. ಆ ಪುಟ ತಿದ್ದಿ ಕಳಿಸಿ ಎಂದು ಕಚೇರಿ ಕೇಳಿತ್ತು. ಮುಖ ಊದಿಸಿಕೊಂಡು ಕೂತ ಮಾವನನ್ನು ಯಾವ ಬಾಯಲ್ಲಿ ಕೇಳುವುದು? ಬ್ರೇಕಕ್ಕ ಗಟ್ಟಿ ಮನಸ್ಸು ಮಾಡಿ ಪೇಟೆಯ ಇನ್ನೊಂದು ಪ್ರೆಸ್ಸಿಗೆ ಹೋಗಿ, ಹೊಸ ಪುಟ ಹಾಕಿ ಎಲ್ಲ ಪ್ರತಿಗೂ ಅಂಟಿಸಿ ಕೊಡುತ್ತೀರಾ ಎಂದು ವಿಚಾರಿಸಿದಳು.

ಪ್ರೆಸ್ಸಿನವರ ಕಿವಿ ಬಲು ಚುರುಕು. ಅವಳು ಮನೆ ಮುಟ್ಟುವ ಹೊತ್ತಿಗೆ ಮಾವ ಜಗುಲಿಯ ಮೇಲೆ ಕೂತಿದ್ದ. ಸೊಸೆ ಮಾತು ಮೀರಿದ್ದನ್ನು ನುಂಗಿಕೊಳ್ಳಬಲ್ಲ, ಆದರೆ ತಾನು ಹೊಲಿದ ಪುಸ್ತಕಕ್ಕೆ ಪಕ್ಕದ ಪ್ರೆಸ್ಸಿನವನು ಗೋಂದು ಹಚ್ಚುವುದನ್ನು ಈ ಜನ್ಮದಲ್ಲಿ ನುಂಗಲಾರ. ಆ ಮನುಷ್ಯನಿಗೆ ನೆಟ್ಟಗೆ ಕಾಗದ ಮಡಚಲೂ ಬರುವುದಿಲ್ಲ ಎಂದು ಶುರುಮಾಡಿ, ಹೊಸ ಪುಟದಲ್ಲಿ ಏನೇನು ಬರಬೇಕೋ ಬರೆದುಕೊಡು ಎಂದಲ್ಲಿಗೆ ಮುಗಿಸಿದ. ಬ್ರೇಕಕ್ಕ ಪ್ರಕಾಶನ ಎಂಬ ಹೆಸರು ನೋಡಿ, ಅಕ್ಷರ ಸ್ವಲ್ಪ ದಪ್ಪ ಇರಲಿ ಎಂದ. ಅಳುವ ಅಧ್ಯಾಯದ ಮಾತು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಒಳಗೆ ಅವ್ವ ಮಾತ್ರ ಯಾರೂ ಕೇಳದಿದ್ದರೂ ಕಾಫಿಗೆ ನೀರಿಟ್ಟಳು.

ತಿದ್ದಿದ ಪುಟ ಹೋಯಿತು. ಆಮೇಲೆ ಬ್ರೇಕಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಪಾಠದ ನಡುವೆ, ಕಲಿಯುವವರು ಗೇರು ಹುಡುಕುವಾಗ, ಇವಳು ಮೊಬೈಲಿನಲ್ಲಿ ಮೇಲ್ ಹುಡುಕುತ್ತಿದ್ದಳು. ಸಮಿತಿ ಸೇರುವ ಹಿಂದಿನ ಮಧ್ಯಾಹ್ನ ಮೇಲ್ ಬಂತು. ಅವಳ ಹೆಸರು, ಅವಳ ಪ್ರಕಾಶನದ ಹೆಸರು, ಕೆಳಗೆ ಯಾರೂ ಇದುವರೆಗೆ ಬಳಸದ ನಂಬರು. ಅವಳು ಅದನ್ನು ಫೋನಿನಲ್ಲಿ ಮಾವನಿಗೆ ಒಂದೊಂದೇ ಅಂಕಿ ಓದಿ ಹೇಳಿದಳು, ಮಾವ ಅತ್ತ ಕಡೆಯಿಂದ ಒಂದೊಂದೇ ಅಂಕಿ ತಿರುಗಿ ಹೇಳಿದ. ಸಂಜೆಯೊಳಗೆ ಹೊಸ ಬಾರ್‌ಕೋಡಿನ ಚೀಟಿ ತಯಾರಾಯಿತು. ಹಳೆಯ ನಂಬರಿನ ಒಂದು ಗೆರೆಯೂ ಕಾಣದಂತೆ ಮಾವ ತನ್ನ ಕೈಯಾರೆ ಅಂಟಿಸಿದ. ಮಾರನೆಯ ಬೆಳಿಗ್ಗೆ ಅವಳು ಆ ಪ್ರತಿಗಳನ್ನೂ ಡಾಕ್ಟರ ಪತ್ರವನ್ನೂ ಮೇಡಂ ಕೈಗೆ ಕೊಟ್ಟಳು, ಅವರು ಹೊಸ ನಂಬರನ್ನು ಕಂಪ್ಯೂಟರಿಗೆ ಏರಿಸಿದರು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ಪುಸ್ತಕದ ಗುಡ್ಡೆ. ಗೋಡೆ ಬದಿಯ ಕುರ್ಚಿಗಳಲ್ಲಿ ಪ್ರಕಾಶಕರು ಕೂತಿದ್ದರು, ಎಲ್ಲ ಕೋಟು ಹಾಕಿದ ಹಳೇ ಹುಲಿಗಳು. ಮಸಿಮಾವ ಪ್ರತಿ ವರ್ಷ ಬರುವವನು, ಅವನೂ ಇದ್ದ. ಬ್ರೇಕಕ್ಕ ಕೊನೆಯ ಕುರ್ಚಿಯ ತುದಿಯಲ್ಲಿ ಕೂತಳು. ಅವಳ ಪುಸ್ತಕದ ಸರದಿ ಬಂದಾಗ ಕ್ಯಾಟಲಾಗ್ ಮೇಡಂ ಯಂತ್ರದ ಬೆಳಕಿಗೆ ಹಿಡಿದರು. ಈ ಸಲ ಕೋಳಿ ಬರಲಿಲ್ಲ. ‘ಹೆದರುವವರಿಗೆ ಕಾರು, ಬ್ರೇಕಕ್ಕ ಪ್ರಕಾಶನ’ ಎಂದು ಗೋಡೆಯ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂಡಿತು. ಡಾಕ್ಟರ ಪತ್ರವನ್ನೂ ಮೇಡಂ ಓದಿ ಹೇಳಿದರು.

ಅಧ್ಯಕ್ಷರು ಪುಟ ತಿರುವುತ್ತ ಒಂದು ಕಡೆ ನಿಂತರು. ಪುಸ್ತಕವೇನೋ ಚೆನ್ನಾಗಿದೆ, ಆದರೆ ಈ ಅಳುವ ಅಧ್ಯಾಯ ಸ್ವಲ್ಪ ವಿಚಿತ್ರವಾಗಿದೆ, ತೆಗೆದು ಕೊಡುವುದಾದರೆ ಎಲ್ಲ ಶಾಖೆಗೂ ತಗೊಳ್ಳಬಹುದು ಎಂದರು. ಹಾಗೆನ್ನುತ್ತ ಅವರು ತಿರುಗಿದ್ದು ಮಸಿಮಾವನ ಕಡೆಗೆ. ಅವರಿಗೆ ಗುರುತಿದ್ದ ಮುಖ ಅದೇ. ಆ ಅಧ್ಯಾಯ ಬೇಡವೆಂದು ಮೊದಲು ಹೇಳಿದವನೇ ಅವನು, ಈಗ ಹೂಂ ಎಂದರೆ ಮುಗಿಯಿತು.

ಮಾವ ಎದ್ದು ನಿಂತ. “ನನ್ನನ್ನ ಕೇಳಬೇಡಿ ಸಾರ್, ನಾನು ಬರೀ ಅಚ್ಚು ಹಾಕಿದವನು. ಪ್ರಕಾಶಕರು ಅಲ್ಲಿ ಕೂತಿದಾರೆ,” ಎಂದು ಹೇಳಿ, ಕೈಯಿಂದ ಕೊನೆಯ ಕುರ್ಚಿ ತೋರಿಸಿ, ಕೂತುಬಿಟ್ಟ.

ಕೋಣೆಯ ತಲೆಗಳೆಲ್ಲ ಇತ್ತ ತಿರುಗಿದವು. ಬ್ರೇಕಕ್ಕ ಎದ್ದಳು. ಒಪ್ಪಿಕೊಂಡರೆ ಎಲ್ಲ ಶಾಖೆ, ಇಲ್ಲವೆಂದರೆ ಮಂಚದ ಕೆಳಗೆ. ಅವಳಿಗೆ ಅಂಗಳದ ಕಡೆ ನೋಡಿದ ಡಾಕ್ಟರ ಮುಖ ಕಣ್ಣ ಮುಂದೆ ಬಂತು.

“ತೆಗೆಯಲ್ಲ ಸಾರ್,” ಎಂದಳು.

ಅಧ್ಯಕ್ಷರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೀಗೆ ಅತ್ತವರು ಆಮೇಲೆ ನಿಜವಾಗಿ ಕಾರು ಓಡಿಸುತ್ತಾರಾ ಎಂದು ಕೇಳಿದರು. ಕೇಳುವ ದನಿ ತಮಗಾಗಿಯೇ ಕೇಳಿಕೊಂಡ ಹಾಗಿತ್ತು.

“ಓಡಿಸ್ತಾರೆ. ನಾನು ಕಲಿಯುವಾಗ ದಿನಾ ಅಳ್ತಿದ್ದೆ. ಈಗ ಊರಿಗೇ ಕಲಿಸ್ತೀನಿ.”

ಇದನ್ನು ಅವಳು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅವ್ವನಿಗೂ ಇಲ್ಲ, ಮಾವನಿಗೂ ಇಲ್ಲ. ಪುಸ್ತಕದಲ್ಲಿ ಕೂಡ ‘ಕೆಲವರು’ ಎಂದು ಬರೆದು ಜಾರಿಕೊಂಡಿದ್ದಳು. ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು, ಇದ್ದ ಹಾಗೆಯೇ ತಗೊಳ್ಳೋಣ ಎನ್ನುವವರು ಕೈ ಎತ್ತಿ ಎಂದು, ಮೊದಲ ಕೈ ತಾವೇ ಎತ್ತಿದರು. ಮೇಜಿನ ಸುತ್ತ ಎತ್ತದ ಕೈ ಒಂದೂ ಉಳಿಯಲಿಲ್ಲ. ಎಲ್ಲ ಶಾಖೆಗೂ, ಅಳುವ ಅಧ್ಯಾಯದ ಸಮೇತ, ಎಂದು ಮೇಡಂ ಗಟ್ಟಿಯಾಗಿ ಓದಿ ಬರೆದುಕೊಂಡರು.

ಕಾರಿಡಾರಿಗೆ ಬರುವ ಹೊತ್ತಿಗೆ ಬ್ರೇಕಕ್ಕನಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ. ಗೆದ್ದೆ, ಗೆದ್ದೆ ಎಂದು ಒಳಗೇ ಕುಣಿಯುತ್ತಿದ್ದಳು. ಕೋಟಿನವರು ಒಬ್ಬೊಬ್ಬರಾಗಿ ಬಂದು ಕೈ ಕುಲುಕಿ, ಪ್ರಕಾಶನ ಎಲ್ಲಿ, ಇನ್ನೂ ಏನೇನು ತರುತ್ತೀರಿ ಎಂದು ವಿಚಾರಿಸಿ ಹೋದರು. ಎಲ್ಲರೂ ಹೋದ ಮೇಲೆ ಮಸಿಮಾವ ಹತ್ತಿರ ಬಂದ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಸೊಸೆಯ ಮುಂದೆ ಅವನು ಎರಡೂ ಕೈ ಕಟ್ಟಿಕೊಂಡು, ಗಿರಾಕಿಯ ಮುಂದೆ ನಿಲ್ಲುವ ಹಾಗೆ ನಿಂತ. ಮುಖದಲ್ಲಿ ನಗುವಿತ್ತು, ಕಣ್ಣು ಒದ್ದೆಯಾಗಿತ್ತು.

“ಇರೋ ಪ್ರತಿ ಸಾಲಲ್ಲ. ಎಷ್ಟು ಹಾಕಲಿ ಹೇಳಿ, ಪ್ರಕಾಶಕರೇ,” ಎಂದ.

ಬ್ರೇಕಕ್ಕ ಊರಿನಲ್ಲಿ ಎಷ್ಟು ಶಾಖೆಗಳಿವೆ ಎಂದು ಬೆರಳು ಮಡಚಿ ಎಣಿಸತೊಡಗಿದಳು.